‘ಸಾರಿ’ ಹೇಳಿ ಒಳಗೆ ಹೋದ ಡಾಕ್ಟರಿಗೆ ಆಮೇಲೆ ಏನಾಗುತ್ತದೆ?

ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಪ್ಪ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತು ದಿನ ಇದ್ದು ತೀರಿಕೊಂಡರು. ಬೆಳಗಿನ ಜಾವ ನಾಲ್ಕೂವರೆಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, ಮಾಸ್ಕ್ ಕೆಳಗಿಳಿಸಿ, ಎರಡೇ ಮಾತು ಹೇಳಿದರು. ನೆಟ್ಟಗಿನ ಗೆರೆ ಇದ್ದ ಇಸಿಜಿ ಕಾಗದ ತೋರಿಸಿ ‘ಸಾರಿ’ ಅಂದರು, ಒಳಗೆ ಹೋದರು. ಆರು ಗಂಟೆಗೆ ನಾವು ಬಿಲ್ಲು, ಕಾಗದ ಅಂತ ಓಡಾಡುತ್ತಿದ್ದಾಗ ಅದೇ ಡಾಕ್ಟರ್ ಕ್ಯಾಂಟೀನಿನಲ್ಲಿ ನಿಂತು ಇಡ್ಲಿ ತಿನ್ನುತ್ತಾ ಪಕ್ಕದವರ ಯಾವುದೋ ಮಾತಿಗೆ ನಗುತ್ತಿದ್ದರು. ಚಿಕ್ಕಪ್ಪನ ಮಗ ಅದನ್ನು ನೋಡಿ, "ಇವರಿಗೆಲ್ಲ ಕರುಳೇ ಇರಲ್ವೇನೋ?" ಅಂದ.

ಐಸಿಯು ಹೊರಗಿನ ಕುರ್ಚಿಯಲ್ಲಿ ರಾತ್ರಿ ಕಳೆದವರಿಗೆಲ್ಲ ಈ ಪ್ರಶ್ನೆ ಒಮ್ಮೆಯಾದರೂ ಬಂದಿರುತ್ತದೆ. ಕರುಳು ಇರುತ್ತದೆ. ಅದನ್ನು ಯಾವ ಹೊತ್ತಿನಲ್ಲಿ ಪಕ್ಕಕ್ಕಿಡಬೇಕು ಅನ್ನುವುದನ್ನು ಅವರು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಇಟ್ಟದ್ದನ್ನು ಮತ್ತೆ ತೆಗೆಯುವುದು ಹೇಗೆ ಅನ್ನುವುದನ್ನು ಮಾತ್ರ ಬಹಳ ಕಡೆ ಯಾರೂ ಹೇಳಿಕೊಡುವುದಿಲ್ಲ.

ಹದಿನೆಂಟರಲ್ಲಿ ಮೊದಲ ಹೆಣ

ಎಂಬಿಬಿಎಸ್ ಸೇರಿದ ಮೊದಲ ವರ್ಷವೇ ಅನಾಟಮಿ. ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು ಅಪರಿಚಿತನೊಬ್ಬನ ದೇಹದ ಮುಂದೆ ನಿಲ್ಲುತ್ತಾರೆ. ಫಾರ್ಮಾಲಿನ್ ಘಾಟಿಗೆ ಕಣ್ಣಲ್ಲಿ ನೀರು. ಸೋಪು ಹಾಕಿ ಎಷ್ಟು ಉಜ್ಜಿದರೂ ಮಧ್ಯಾಹ್ನ ಊಟಕ್ಕೆ ಕೂತಾಗ ಬೆರಳಿನಿಂದ ಅದೇ ವಾಸನೆ. ಮೊದಲ ದಿನ ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರಿಗೆ ಅನ್ನ ಇಳಿಯುವುದಿಲ್ಲ. ಒಂದು ತಿಂಗಳು ಕಳೆಯಲಿ, ಅದೇ ಟೇಬಲ್ಲಿನ ಪಕ್ಕ ನಿಂತು ಕ್ರಿಕೆಟ್ ಸ್ಕೋರು ಕೇಳುತ್ತಿರುತ್ತಾರೆ.

ಮನಸ್ಸಿನ ಈ ಗುಣಕ್ಕೆ ಒಗ್ಗಿಕೊಳ್ಳುವುದು ಅನ್ನುತ್ತೇವೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ದಿನವಿಡೀ ಮಲ್ಲಿಗೆ ಕಟ್ಟುವವರಿಗೆ ಮಲ್ಲಿಗೆಯ ಘಮ ಗೊತ್ತಾಗುವುದಿಲ್ಲವಲ್ಲ, ಹಾಗೆ. ಮತ್ತೆ ಮತ್ತೆ ಎದುರಾದದ್ದಕ್ಕೆ ಮಿದುಳು ಎಚ್ಚರಿಕೆಯ ಗಂಟೆ ಬಾರಿಸುವುದನ್ನು ನಿಲ್ಲಿಸುತ್ತದೆ. ಮೊದಲೆಲ್ಲ ಇದು ತಾನಾಗಿ ಆಗಲಿ ಅಂತ ಬಿಟ್ಟುಬಿಡುತ್ತಿದ್ದರು. 2019ರಿಂದ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ನಡತೆ, ನೀತಿ ಮತ್ತು ಮಾತುಕತೆಗೆಂದೇ ಪಾಠಗಳಿವೆ. ಅದರಲ್ಲೊಂದು ಶವವೇ ನಮ್ಮ ಮೊದಲ ಗುರು ಎನ್ನುವ ಪಾಠ. ದೇಹದಾನ ಮಾಡಿದವರಿಗೆ ಗೌರವ ಸಲ್ಲಿಸಿ, ಪ್ರತಿಜ್ಞೆ ತೆಗೆದುಕೊಂಡು ಕತ್ತರಿ ಹಿಡಿಯುವ ಪದ್ಧತಿ ಈಗ ಹಲವು ಕಾಲೇಜುಗಳಲ್ಲಿದೆ.

ಸಿಪಿಆರ್ ಮಾಡುವಾಗ ದುಃಖ ಎಲ್ಲಿರುತ್ತದೆ?

ಹೃದಯ ನಿಂತವರ ಎದೆ ಒತ್ತುವುದಕ್ಕೆ ಲೆಕ್ಕವಿದೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಸುಮಾರು ಎರಡು ಇಂಚು ಆಳ. ಒತ್ತುವವರು ಸುಸ್ತಾಗುವುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು. ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಲಿನ್ ಎಂಬ ಔಷಧಿ. ಒಬ್ಬರು ಗಡಿಯಾರ ನೋಡಿ ಕೂಗಿ ಹೇಳುತ್ತಿರಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಇಷ್ಟು ಲೆಕ್ಕ ತಲೆಯಲ್ಲಿ ಓಡುವಾಗ ‘ಅಯ್ಯೋ, ನಮ್ಮಪ್ಪನ ವಯಸ್ಸು’ ಎಂಬ ಯೋಚನೆಗೆ ಜಾಗವೇ ಇರುವುದಿಲ್ಲ. ಮದುವೆ ಮನೆಯ ಅಡುಗೆ ಭಟ್ಟರಿಗೆ ಎಣ್ಣೆ ಸಿಡಿದು ಕೈ ಸುಟ್ಟರೆ ಉರಿ ಗೊತ್ತಾಗುವುದು ಕೊನೆಯ ಪಂಕ್ತಿ ಎದ್ದ ಮೇಲೆ. ಇದೂ ಹಾಗೆಯೇ, ಉರಿ ಮುಂದಕ್ಕೆ ಹೋಗಿರುತ್ತದೆ ಅಷ್ಟೇ.

ವೈದ್ಯರು ಕದಲಬಾರದು ಎಂಬ ಆದರ್ಶವೂ ಹಳೆಯದು. 1889ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಎಂಬ ಹೆಸರಾಂತ ವೈದ್ಯ ವಿದ್ಯಾರ್ಥಿಗಳಿಗೆ ಭಾಷಣ ಮಾಡುತ್ತಾ, ಎಂಥ ಹೊತ್ತಿನಲ್ಲೂ ಅಲುಗಾಡದ ಸಮಚಿತ್ತವೇ ವೈದ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಗುಣ ಎಂದಿದ್ದ. ಆ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ವಾರ್ಡುಗಳಲ್ಲಿ ಗುರುವಿನಿಂದ ಶಿಷ್ಯನಿಗೆ ದಾಟಿಕೊಂಡು ಬಂತು. ದಾಟುವಾಗ ‘ಕೆಲಸದ ಹೊತ್ತಿನಲ್ಲಿ’ ಎನ್ನುವುದು ಎಲ್ಲೋ ಬಿದ್ದುಹೋಗಿ ‘ಯಾವತ್ತೂ ಅಳಬಾರದು’ ಎನ್ನುವುದು ಮಾತ್ರ ಉಳಿಯಿತು ಅಂತ ನನಗನ್ನಿಸುತ್ತದೆ.

ಕರುಳು ಬೇರೆ, ಕರುಣೆ ಬೇರೆ

ನೋವು ಕಂಡಾಗ ನಮ್ಮಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು, ಅವರ ನೋವು ನಮಗೂ ನೋಯುವುದು. ಕನ್ನಡದಲ್ಲಿ ಕರುಳು ಚುರುಕ್ ಅಂತು ಅನ್ನುತ್ತೇವೆ. ಪುಸ್ತಕದ ಮಾತಿನಲ್ಲಿ ಅನುಭೂತಿ. ಇನ್ನೊಂದು, ಅವರಿಗೆ ಒಳ್ಳೆಯದಾಗಲಿ, ಏನಾದರೂ ಮಾಡೋಣ ಎಂಬ ಬಯಕೆ. ಅದು ಕರುಣೆ. ಎರಡನ್ನೂ ನಾವು ಒಂದೇ ಅಂದುಕೊಂಡಿರುತ್ತೇವೆ.

2007ರಲ್ಲಿ ಪ್ರಕಟವಾದ ತೈವಾನಿನ ಒಂದು ಅಧ್ಯಯನ ಇದನ್ನು ಹತ್ತಿರದಿಂದ ನೋಡಿತು. ಸೂಜಿ ಚುಚ್ಚುವ ವಿಡಿಯೋಗಳನ್ನು ಎರಡು ಗುಂಪಿನವರಿಗೆ ತೋರಿಸಿದರು: ಸಾಮಾನ್ಯ ಜನರಿಗೆ, ಮತ್ತೆ ದಿನಾ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ವೈದ್ಯರಿಗೆ. ಸಾಮಾನ್ಯರ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಜಾಗಗಳು ಚುರುಕಾದವು, ತಮಗೇ ಚುಚ್ಚಿದ ಹಾಗೆ. ವೈದ್ಯರ ಮಿದುಳಿನಲ್ಲಿ ಅವು ಸುಮ್ಮನಿದ್ದು, ಭಾವನೆಯನ್ನು ಹತೋಟಿಯಲ್ಲಿಡುವ ಮುಂಭಾಗ ಕೆಲಸ ಮಾಡುತ್ತಿತ್ತು. ಮಗುವಿಗೆ ಡ್ರಿಪ್ ಹಾಕುವ ಸಿಸ್ಟರ್ ಕೈ ನಡುಗದೆ ಇರುವುದು ಹೀಗೆ. ಆಕೆಗೂ ಚುರುಕ್ ಅಂದರೆ ನರ ಸಿಕ್ಕುವುದಿಲ್ಲ, ಮಗುವಿಗೆ ಇನ್ನೆರಡು ಸಲ ಚುಚ್ಚಬೇಕಾಗುತ್ತದೆ.

ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇತರರ ನೋವಿನಲ್ಲಿ ಮುಳುಗುವ ತರಬೇತಿ ಕೊಟ್ಟಾಗ ಜನ ಕುಗ್ಗಿದರು. ಕರುಣೆಯ ತರಬೇತಿ ಕೊಟ್ಟಾಗ ಅದೇ ಜನರಲ್ಲಿ ಬೆಚ್ಚಗಿನ, ಹಿತವಾದ ಭಾವನೆಗೆ ಸಂಬಂಧಿಸಿದ ಮಿದುಳಿನ ಬೇರೆ ಜಾಗಗಳು ಎಚ್ಚೆತ್ತವು. ಬಾವಿಗೆ ಬಿದ್ದವನ ಜೊತೆ ತಾನೂ ಹಾರುವುದಕ್ಕೂ ದಡದಲ್ಲಿ ಕಾಲೂರಿ ಹಗ್ಗ ಬಿಡುವುದಕ್ಕೂ ಇರುವಷ್ಟು ವ್ಯತ್ಯಾಸ. ಹೊರಗಿನಿಂದ ನೋಡುವವರಿಗೆ ದಡದಲ್ಲಿ ನಿಂತವನು ಒದ್ದೆಯಾಗಿಲ್ಲ ಅನ್ನುವುದೇ ಮೊದಲು ಕಾಣುತ್ತದೆ.

‘ಬೆಡ್ ಸೆವೆನ್ ಎಕ್ಸ್‌ಪೈರ್ ಆದ್ರು’

ಆಸ್ಪತ್ರೆಯ ಒಳಗೆ ‘ಸತ್ತರು’ ಎಂಬ ಮಾತು ಕಡಿಮೆ. ಎಕ್ಸ್‌ಪೈರ್, ಕೊಲ್ಯಾಪ್ಸ್, ‘ಉಳಿಲಿಲ್ಲ’. ಹೆಸರಿನ ಬದಲು ಬೆಡ್ ನಂಬರ್. ಹೊರಗಿನವರಿಗೆ ಇದು ಅವಮಾನದಂತೆ ಕೇಳಿಸುತ್ತದೆ. ಒಳಗಿನವರಿಗೆ ಅದು ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ. ಬಹಳ ವರ್ಷ ಐಸಿಯು ಕೆಲಸ ಮಾಡಿದ ಪರಿಚಯದ ಸಿಸ್ಟರೊಬ್ಬರು ನನಗೆ ಹೇಳಿದ್ದು ಇದಕ್ಕೆ ಉಲ್ಟಾ ಇತ್ತು: ಹೆಸರು ಹೇಳಿದರೆ ಯಾರೂ ನೆನಪಾಗುವುದಿಲ್ಲ, ಯಾವ ವರ್ಷ ಯಾವ ಬೆಡ್ ಅಂತ ಹೇಳಿದರೆ ಮುಖ, ಕಾಲಿನ ಊತ, ರೋಗಿಯ ಜೊತೆಗಿದ್ದವರು ತಂದು ಕೊಡುತ್ತಿದ್ದ ಮೋಸಂಬಿ ಎಲ್ಲ ಕಣ್ಣ ಮುಂದೆ ಬರುತ್ತದಂತೆ.

ಡ್ಯೂಟಿ ರೂಮಿನ ಜೋಕುಗಳದ್ದೂ ಇದೇ ಕಥೆ. ಅವು ಕಪ್ಪು ಜೋಕುಗಳು, ಹೊರಗೆ ಹೇಳಿದರೆ ಹೊಡೆತ ಬೀಳುವಂಥವು. ಕುಕ್ಕರಿನ ಸೀಟಿಯಂತೆ ಒತ್ತಡ ಅಲ್ಲಿ ಹೊರಬರುತ್ತದೆ. ಸೀಟಿ ಕೂಗುವವರೆಗೆ ಪರವಾಗಿಲ್ಲ. ರೋಗಿಯ ಎದುರಿಗೇ ಜೋಕು ಶುರುವಾಯಿತೆಂದರೆ, ಅಥವಾ ಮನುಷ್ಯ ಮನುಷ್ಯನಾಗಿ ಕಾಣುವುದೇ ನಿಂತಿತೆಂದರೆ ಬೇರೇನೋ ಕೆಟ್ಟಿದೆ ಎಂದು ಅರ್ಥ.

ಸೂತಕವಿಲ್ಲದ ಸಾವು

ನಮ್ಮ ಮನೆಗಳಲ್ಲಿ ಸಾವಾದರೆ ದುಃಖಕ್ಕೆ ಒಂದು ವೇಳಾಪಟ್ಟಿ ಇರುತ್ತದೆ. ಜನ ಬರುತ್ತಾರೆ, ಅಳುತ್ತಾರೆ, ಪಕ್ಕದ ಮನೆಯವರು ಅನ್ನ ಸಾರು ಕಳಿಸುತ್ತಾರೆ, ಮೂರನೆಯ ದಿನ, ಹನ್ನೊಂದನೆಯ ದಿನ, ತಿಥಿ. ಕೆಲಸಕ್ಕೆ ಬಾ ಅಂತ ಯಾರೂ ಕರೆಯುವುದಿಲ್ಲ. ಸಾವಿನ ಮನೆಗೆ ಹತ್ತು ನಿಮಿಷ ಹೋಗಿ ಬಂದವರೂ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಬರುವುದು. ಸಾವಿನ ಪಕ್ಕದಲ್ಲಿದ್ದ ಮನಸ್ಸಿಗೆ ಒಂದು ಗಡಿ ದಾಟಿ ಬರಬೇಕಾಗುತ್ತದೆ ಎಂದು ಗೊತ್ತಿದ್ದವರು ಮಾಡಿದ ಪದ್ಧತಿ ಅದು.

ಆಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರು ಟ್ಯೂಬುಗಳನ್ನು ತೆಗೆದು, ಅಂಟಿದ ಪ್ಲಾಸ್ಟರಿನ ಕಲೆ ಒರೆಸಿ, ರೆಪ್ಪೆ ಮುಚ್ಚಿ, ಗಲ್ಲಕ್ಕೆ ಗಾಜ್ ಬಟ್ಟೆ ಕಟ್ಟಿ, ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಾರೆ. ನಿನ್ನೆ ಸಂಜೆ ಇದೇ ಬಾಯಿಗೆ ಎರಡು ಚಮಚ ನೀರು ಹಾಕಿದ್ದವರು ಅವರೇ. ಅದಾದ ಮೇಲೆ ಕೈ ತೊಳೆದು ಪಕ್ಕದ ಬೆಡ್ಡಿನ ಬಿಪಿ ನೋಡಬೇಕು. ಸೂತಕ ಇಲ್ಲ, ತಿಥಿ ಇಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1980ರ ದಶಕದ ಕೊನೆಯಲ್ಲಿ ಇಂಥ ದುಃಖಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಹಕ್ಕಿಲ್ಲದ ದುಃಖ’ ಅನ್ನಬಹುದು. ಸಮಾಜ ಯಾರನ್ನು ದುಃಖಿಗಳು ಎಂದು ಗುರುತಿಸುವುದಿಲ್ಲವೋ ಅವರ ದುಃಖ ಇದು.

2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಈ ಲೆಕ್ಕವೆಲ್ಲ ತಪ್ಪಿಹೋಯಿತು. ಸುಮನಹಳ್ಳಿ, ಮೇಡಿ ಅಗ್ರಹಾರದ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತದ್ದನ್ನು, ತಾವರೆಕೆರೆ ಹತ್ತಿರ ಬಯಲಿನಲ್ಲೇ ಚಿತೆ ಉರಿದದ್ದನ್ನು ಊರೆಲ್ಲ ನೋಡಿತು. ಅದಕ್ಕೂ ಮುಂಚಿನ ಅರ್ಧ ಗಂಟೆಯನ್ನು ಪಿಪಿಇ ಕಿಟ್ ಒಳಗಿದ್ದವರು ಮಾತ್ರ ನೋಡಿದರು. ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಫೋನ್ ಹಿಡಿದು ಕೊನೆಯ ವಿಡಿಯೋ ಕಾಲ್ ಮಾಡಿಸಿದ ಕೈಗಳು ಸಿಬ್ಬಂದಿಯವು.

ದಣಿವಿನಲ್ಲಿ ಮೂರು ಬಗೆ

ಇಲ್ಲಿ ಮೂರು ಪದಗಳು ಪತ್ರಿಕೆಗಳಲ್ಲಿ ಕಲಸಿಹೋಗುತ್ತವೆ. ಬಿಡಿಸಿಕೊಳ್ಳಲು ಬೆಂಗಳೂರಿನ ನೀರೇ ಸಾಕು.

ಮೊದಲನೆಯದು ಬರ್ನ್‌ಔಟ್. ದಿನಕ್ಕೆ ಮೂರು ಟ್ಯಾಂಕರ್ ತುಂಬಿಸುವ ಬೋರ್‌ವೆಲ್ ನೆನೆಸಿಕೊಳ್ಳಿ. ಮಳೆ ಇಳಿಯುವುದಕ್ಕಿಂತ ಬೇಗ ಎತ್ತಿದರೆ ಒಂದು ದಿನ ಮೋಟಾರ್ ಓಡುತ್ತದೆ, ಗಾಳಿ ಮಾತ್ರ ಬರುತ್ತದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಈ ಪದವನ್ನು ಮನಶ್ಶಾಸ್ತ್ರಕ್ಕೆ ತಂದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಗುರುತು ಹೇಳಿದರು: ಭಾವನೆ ಬತ್ತುವುದು, ಎದುರಿಗಿರುವವರು ಮನುಷ್ಯರಂತೆ ಕಾಣದಿರುವುದು, ನಾನು ಮಾಡುವುದರಿಂದ ಏನೂ ಆಗುವುದಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಇದನ್ನು ಕಾಯಿಲೆ ಎಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಬರೆದಿದೆ. ಕೆಟ್ಟಿರುವುದು ವ್ಯಕ್ತಿಯೋ ಕೆಲಸವೋ ಎಂಬ ಜಗಳದಲ್ಲಿ ಈ ಸಾಲು ಮುಖ್ಯ.

ಎರಡನೆಯದು ಕರುಣೆಯ ದಣಿವು. ಸಂಪಿನಲ್ಲಿ ನೀರಿದೆ, ಆದರೆ ಎಲ್ಲೋ ಪೈಪ್ ಒಡೆದು ಚರಂಡಿ ನೀರು ಒಳಗೆ ಸೇರುತ್ತಿದೆ. ಇತರರ ಆಘಾತ ಕೇಳಿ ಕೇಳಿ ನೋಡಿ ನೋಡಿ ಅದು ಕನಸಿಗೆ, ಊಟಕ್ಕೆ, ಮನೆಯವರ ಜೊತೆಗಿನ ಮಾತಿಗೆ ಇಳಿಯುತ್ತದೆ. ಮಕ್ಕಳ ವಾರ್ಡಿನ ಪಿಜಿ, ಅಂದರೆ ಸ್ನಾತಕೋತ್ತರ ಓದುತ್ತಲೇ ಡ್ಯೂಟಿ ಮಾಡುವ ಡಾಕ್ಟರ್, ಮನೆಗೆ ಬಂದು ತನ್ನ ಮಗುವಿಗೆ ನೆಗಡಿಯಾದರೆ ರಾತ್ರಿಯೆಲ್ಲ ಉಸಿರು ಎಣಿಸುತ್ತಾ ಕೂರುವುದು ಇದರ ಲಕ್ಷಣ.

ಮೂರನೆಯದು ನೈತಿಕ ಸಂಕಟ. ನೀರಿದೆ, ಮನೆಯವರಿಗೆ ಬಾಯಾರಿಕೆ ಇದೆ, ವಾಲ್ವ್ ಕೀ ಮಾತ್ರ ಬೇರೆ ಯಾರದ್ದೋ ಕೈಯಲ್ಲಿದೆ. 1984ರಲ್ಲಿ ಆಂಡ್ರ್ಯೂ ಜೇಮ್‌ಟನ್ ನರ್ಸ್‌ಗಳ ಬಗ್ಗೆ ಬರೆಯುತ್ತಾ ಈ ಹೆಸರು ಕೊಟ್ಟರು: ಸರಿ ಯಾವುದೆಂದು ಗೊತ್ತಿದೆ, ಮಾಡಲು ಬಿಡುತ್ತಿಲ್ಲ. ನಮ್ಮಲ್ಲಿ ಇದರ ದಿನನಿತ್ಯದ ರೂಪ ಒಂದಿದೆ. "ಅಪ್ಪನಿಗೆ ಕ್ಯಾನ್ಸರ್ ಅಂತ ಮಾತ್ರ ಹೇಳಬೇಡಿ ಡಾಕ್ಟ್ರೇ" ಅಂತ ಮಕ್ಕಳು ಕೈ ಮುಗಿಯುತ್ತಾರೆ. ಒಳಗೆ ಅಪ್ಪ, "ನನಗೇನಾಗಿದೆ ನಿಜ ಹೇಳಿ" ಅನ್ನುತ್ತಾರೆ. ದಿನಾ ಆ ಎರಡು ಬಾಗಿಲ ನಡುವೆ ಓಡಾಡುವುದು ಡಾಕ್ಟರ್ ಮತ್ತು ಸಿಸ್ಟರ್. ಗುಣವಾಗುವ ಸಾಧ್ಯತೆಯೇ ಇಲ್ಲದವರನ್ನು ವೆಂಟಿಲೇಟರಿನಲ್ಲಿ ಇಟ್ಟೇ ಇರಬೇಕಾದ ಸಂಕಟ ಇನ್ನೊಂದು. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, 2023ರಲ್ಲಿ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿಗಳು ನೋಡಿ ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಒಬ್ಬ ಡಾಕ್ಟರಿನ ತಲೆಯ ಮೇಲಿದ್ದ ಭಾರ ಹೀಗೆ ನಾಲ್ಕಾರು ಜನರ ನಡುವೆ ಹಂಚಿಹೋಗುತ್ತದೆ. ಇದು ರೋಗಿಗಾಗಿ ಬಂದ ಕಾನೂನು, ಆದರೂ ವೈದ್ಯರ ಮನಸ್ಸಿಗೂ ಔಷಧಿಯಾಗಬಹುದು.

ಈ ಮೂರಕ್ಕೂ ನಿದ್ದೆಗೇಡು ಸೇರಿಕೊಳ್ಳುತ್ತದೆ. ಪಿಜಿ ವೈದ್ಯರ ಡ್ಯೂಟಿ ಬಗೆಗಿನ 1992ರ ಕೇಂದ್ರ ರೆಸಿಡೆನ್ಸಿ ನಿಯಮ ವಾರಕ್ಕೆ 48 ಗಂಟೆ ಅನ್ನುತ್ತದೆ; 36 ಗಂಟೆ ಒಂದೇ ಸಮ ಡ್ಯೂಟಿ ಮಾಡಿದೆ ಅನ್ನುವ ಪಿಜಿಗಳು ಯಾವ ಹಾಸ್ಟೆಲ್ಲಿಗೆ ಹೋದರೂ ಸಿಗುತ್ತಾರೆ. 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಅಧ್ಯಯನ ತೋರಿಸಿತು. ನಮ್ಮ ಟ್ರಾಫಿಕ್ ಪೊಲೀಸರು ಗಾಡಿ ಹಿಡಿಯುವ ಮಿತಿ 0.03.

ತಪ್ಪು ತಮ್ಮದೇ ಆದಾಗ

ಡೋಸ್ ತಪ್ಪಿತು, ಸ್ಕ್ಯಾನಿನಲ್ಲಿ ಇದ್ದದ್ದು ಕಾಣಲಿಲ್ಲ, ಒಂದು ಗಂಟೆ ತಡವಾಯಿತು. ಮೊದಲ ಬಲಿ ರೋಗಿ ಮತ್ತು ಅವರ ಮನೆಯವರು, ಅದರಲ್ಲಿ ಎರಡು ಮಾತಿಲ್ಲ. ತಪ್ಪು ಮಾಡಿದವರ ಒಳಗೆ ನಡೆಯುವುದನ್ನು 2000ದಲ್ಲಿ ಆಲ್ಬರ್ಟ್ ವು ಎಂಬ ವೈದ್ಯರು ‘ಎರಡನೆಯ ಬಲಿ’ ಎಂದು ಕರೆದರು. ರೋಗಿಗಳ ಕುಟುಂಬದವರಲ್ಲಿ ಕೆಲವರಿಗೆ ಈ ಹೆಸರು ಹಿಡಿಸುವುದಿಲ್ಲ, ಅದು ಸಹಜವೇ. ಆದರೆ ಅದು ಹೇಳುವ ಸಂಗತಿ ನಿಜ: ಆ ದಿನವನ್ನು ಮತ್ತೆ ಮತ್ತೆ ಓಡಿಸಿ ನೋಡುವುದು, ಸರಳವಾದ ಆದೇಶ ಬರೆಯಲೂ ಕೈ ಹಿಂಜರಿಯುವುದು, ವೃತ್ತಿಯನ್ನೇ ಬಿಡುವ ಯೋಚನೆ. ಸಾವುಗಳ ಬಗ್ಗೆ ಚರ್ಚಿಸುವ ಸಭೆಗಳು ದೊಡ್ಡ ಆಸ್ಪತ್ರೆಗಳಲ್ಲಿ ಇವೆ. ಅಲ್ಲಿ ‘ಯಾರು ಮಾಡಿದ್ದು’ ಎಂದು ಕೇಳುತ್ತಾರೋ ‘ಎಲ್ಲಿ ತಪ್ಪಿತು’ ಎಂದು ಕೇಳುತ್ತಾರೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಸಾವು ದಿನಾ ಇರುವಲ್ಲಿ

ಹಾಗಾದರೆ ಬರೀ ಸಾಯುವವರನ್ನೇ ನೋಡಿಕೊಳ್ಳುವವರು ಎಲ್ಲರಿಗಿಂತ ಹೆಚ್ಚು ಕುಸಿಯಬೇಕಲ್ಲ? ಲಂಡನ್ನಿನಲ್ಲಿ 1967ರಲ್ಲಿ ಆಧುನಿಕ ಹಾಸ್ಪಿಸ್, ಅಂದರೆ ಕೊನೆಯ ದಿನಗಳ ಆರೈಕೆಯ ಮನೆ, ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಬಂಧಗಳದ್ದು, ನಂಬಿಕೆಯದ್ದೂ ಹೌದು ಎಂದು ಆಕೆ ತೋರಿಸಿಕೊಟ್ಟರು. ಬೆಂಗಳೂರಿನಲ್ಲಿ ಮಾರತಹಳ್ಳಿ ಕಡೆಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕಟ್ಟಡದ ನಡುವೆ ನೀರಿನ ಕೊಳ, ಸುತ್ತ ಗಿಡಗಳು.

ಇಂಥ ಕಡೆ ಗೆಲುವಿನ ಅರ್ಥ ಬೇರೆ. ಉಳಿಸುವುದು ಗುರಿಯಾದರೆ ಪ್ರತಿ ಸಾವೂ ಸೋಲು. ನೋವಿಲ್ಲದೆ, ಬೇಕಾದವರು ಪಕ್ಕದಲ್ಲಿದ್ದು, ಕೇಳಿದ್ದನ್ನು ತಿಂದು ಹೋಗುವುದು ಗುರಿಯಾದರೆ ಸಾವಿನ ದಿನವೂ ‘ಇವತ್ತು ಕೆಲಸ ಚೆನ್ನಾಗಾಯಿತು’ ಅನ್ನಬಹುದು. ಜೊತೆಗೆ ಇಲ್ಲಿ ಡಾಕ್ಟರ್, ನರ್ಸ್, ಆಪ್ತಸಮಾಲೋಚಕರು ಒಟ್ಟಿಗೆ ಕೂತು ರೋಗಿಯ ಬಗ್ಗೆ ಮಾತಾಡುವುದು ಕೆಲಸದ ಭಾಗ. ಮನಸ್ಸನ್ನು ಕುಗ್ಗಿಸುವುದರಲ್ಲಿ ಸಾವಿನ ಎಣಿಕೆಗಿಂತ ಅನಿರೀಕ್ಷಿತ ಸಾವು, ಒಂಟಿತನ ಮತ್ತು ಕೈಕಟ್ಟಿದ ಸ್ಥಿತಿಯ ಪಾಲು ದೊಡ್ಡದು.

ಏನು ನೆರವಾಗುತ್ತದೆ, ಏನು ಆಗುವುದಿಲ್ಲ

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಶುರು ಮಾಡಿದ ಪದ್ಧತಿಯೊಂದಿದೆ. ಸಾವಾದ ಮೇಲೆ ಸುತ್ತ ಇದ್ದವರೆಲ್ಲ ಕೆಲವು ಕ್ಷಣ ನಿಂತಲ್ಲೇ ಮೌನ. ಇವರು ಯಾರದ್ದೋ ಅಪ್ಪ, ಯಾರದ್ದೋ ಗೆಳೆಯ ಅಂತ ಒಬ್ಬರು ಒಂದು ಮಾತು ಹೇಳುತ್ತಾರೆ, ಅಷ್ಟೆ. ಆ ಮೌನ ಒಂದು ಪುಟ್ಟ ಸೂತಕ. 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಲಂಡನ್ನಿನಲ್ಲಿ ಹುಟ್ಟುಹಾಕಿದ ಗುಂಪುಗಳಲ್ಲಿ ವೈದ್ಯರು ನಿಯಮಿತವಾಗಿ ಸೇರಿ, ತಮ್ಮನ್ನು ಕಾಡುವ ರೋಗಿಯ ಬಗ್ಗೆ ಮಾತಾಡುತ್ತಾರೆ. ಔಷಧಿಯ ವಿಷಯ ಬೇಡ, ಆ ರೋಗಿ ನಿಮ್ಮೊಳಗೆ ಏನು ಎಬ್ಬಿಸಿದರು ಅದನ್ನು ಹೇಳಿ ಎನ್ನುವುದೇ ಅಲ್ಲಿನ ನಿಯಮ.

ನೆರವಾಗದ್ದೂ ಇದೆ. ದುರಂತವಾದ ಕೂಡಲೇ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲ ಬಿಡಿಸಿ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಪ್ರಯೋಜನ ಕಾಣದ ಕಾರಣ ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಶಿಫಾರಸು ಮಾಡುವುದಿಲ್ಲ. ಮಾತಾಡಬೇಕು ಅನ್ನಿಸಿದವರಿಗೆ ಜಾಗ, ಊಟ, ನಿದ್ದೆ, ಮುಂದಿನ ಡ್ಯೂಟಿ ಬದಲಾಯಿಸಿಕೊಳ್ಳುವ ಅವಕಾಶ, ಇವು ಸಪ್ಪೆಯಾಗಿ ಕೇಳಿಸಿದರೂ ಕೆಲಸ ಮಾಡುವುದು ಇವೇ. ಎಂಬತ್ತು ಗಂಟೆ ದುಡಿಸಿ ಭಾನುವಾರ ಯೋಗ ಶಿಬಿರ ಮಾಡಿದರೆ, ಬತ್ತಿದ ಬೋರ್‌ವೆಲ್ಲಿಗೆ ಹೊಸ ಮೋಟಾರ್ ಹಾಕಿದಂತೆ.

ತಜ್ಞರ ಸಹಾಯಕ್ಕೆ ಹೋಗಲು ವೈದ್ಯರೇ ಎಲ್ಲರಿಗಿಂತ ನಾಚುತ್ತಾರೆ. ಸಹೋದ್ಯೋಗಿಗಳಿಗೆ ಗೊತ್ತಾದರೆ ಎಂಬ ಅಳುಕು. 2022ರ ಅಕ್ಟೋಬರಿನಲ್ಲಿ ಶುರುವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 14416, ಯಾರು ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಉಚಿತ ಸಂಖ್ಯೆ.

ಆ ಎರಡೇ ಮಾತು

ಕೆಟ್ಟ ಸುದ್ದಿ ಹೇಳುವುದಕ್ಕೂ ವಿಧಾನವಿದೆ. 2000ದಲ್ಲಿ ಪ್ರಕಟವಾದ ಆರು ಹೆಜ್ಜೆಗಳ ಕ್ರಮವೊಂದನ್ನು ಕ್ಯಾನ್ಸರ್ ವೈದ್ಯರು ಹೆಚ್ಚಾಗಿ ಬಳಸುತ್ತಾರೆ: ಕೂರಲು ಒಂದು ಜಾಗ ನೋಡಿ, ಇವರಿಗೆ ಈಗಾಗಲೇ ಎಷ್ಟು ಗೊತ್ತಿದೆ ಕೇಳಿ, ಎಷ್ಟು ತಿಳಿಯಲು ಇಷ್ಟ ಕೇಳಿ, ಸರಳ ಮಾತಿನಲ್ಲಿ ಹೇಳಿ, ಅಳುವಿಗೆ ಸಮಯ ಕೊಡಿ, ಮುಂದೇನು ಎಂದು ತಿಳಿಸಿ. ನಮಗೆ ಆ ಬೆಳಿಗ್ಗೆ ಸಿಕ್ಕಿದ್ದು ಬಾಗಿಲ ಸಂದಿ ಮತ್ತು ಒಂದು ಕಾಗದ. ಬಾಗಿಲ ಪಕ್ಕ ಸೆಕ್ಯೂರಿಟಿಯವರು ಇಬ್ಬರು ಬಂದು ನಿಂತಿದ್ದನ್ನೂ ಗಮನಿಸಿದ್ದೆ, ಆಗ ಅರ್ಥವಾಗಿರಲಿಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾನೂನೇ ಇದೆ. ಅಂಥ ಕಾನೂನು ಬೇಕಾಗಿರುವ ಕಡೆ ಸುದ್ದಿ ಹೇಳುವವರು ಹಿಂದಿನ ಬಾಗಿಲ ಮೇಲೆ ಒಂದು ಕಣ್ಣಿಟ್ಟೇ ಮಾತಾಡುತ್ತಾರೆ. ಇಸಿಜಿ ಕಾಗದ ತೋರಿಸುವುದೂ ಅದಕ್ಕೇ, ನಾಳೆ ಯಾರೂ ‘ಉಸಿರಿತ್ತು’ ಅನ್ನಬಾರದಲ್ಲ.

ನಾಲ್ಕೂವರೆಯಿಂದ ಆರರ ನಡುವೆ ಆ ಡಾಕ್ಟರ್ ಏನು ಮಾಡಿರಬಹುದು ಅಂತ ಆಮೇಲೊಮ್ಮೆ ಅದೇ ಪರಿಚಯದ ಸಿಸ್ಟರನ್ನು ಕೇಳಿದೆ. ಅವರು ಬೆರಳು ಮಡಚಿ ಎಣಿಸಿದರು. ಸಾವಿನ ಕಾರಣ ಬರೆಯುವ ಫಾರ್ಮ್ 4, ಅದರಲ್ಲಿ ಒಂದು ಅಕ್ಷರ ತಪ್ಪಿದರೂ ನಿಮ್ಮ ಮನೆಯವರೇ ಪಾಲಿಕೆ ಕಚೇರಿಗೆ ಅಲೆಯಬೇಕು. ಡೆತ್ ಸಮ್ಮರಿ. ಕನ್ಸಲ್ಟೆಂಟ್‌ಗೆ ಫೋನು. ಉಳಿದ ಬೆಡ್ಡುಗಳ ಬೆಳಗಿನ ರಕ್ತ ಪರೀಕ್ಷೆ. ನಿಮ್ಮ ಚಿಕ್ಕಪ್ಪನ ಬೆಡ್ಡಿಗೆ ಕ್ಯಾಶುವಾಲ್ಟಿಯಿಂದ ಆಗಲೇ ಇನ್ನೊಬ್ಬರು ಬಂದಿರುತ್ತಾರೆ, ಅವರಿಗೆ ಟ್ಯೂಬ್. ಇಷ್ಟು ಹೇಳಿ ಅವರು ಸ್ವಲ್ಪ ತಡೆದು ಕೇಳಿದರು: "ಇಡ್ಲಿ ನಿಂತ್ಕೊಂಡು ತಿಂತಿದ್ರಾ, ಕೂತ್ಕೊಂಡಾ?"

ನಿಂತುಕೊಂಡು ಅಂದೆ.

"ಹಾಗಾದ್ರೆ ರಾತ್ರಿ ಊಟ ಆಗಿರ್ಲಿಲ್ಲ."